ಪ್ರಿಯಸ್ ಗೇರ್ ಬಾಕ್ಸ್ ಆಯಿಲ್ ಮನೆಯಲ್ಲೇ ಬದಲಾಯಿಸೋದು

ಇಂಜಿನ್ ಆಯಿಲ್ ತಾವೇ ಬದಲಾಯಿಸುವವರು, ಬ್ರೇಕ್ ಪ್ಯಾಡ್ ತಾವೇ ಹಾಕಿಕೊಳ್ಳುವವರು ಕೂಡ ಹೈಬ್ರಿಡ್ ಕಾರಿನ ಗೇರ್ ಬಾಕ್ಸ್ ಅಂದರೆ ಸಾಕು, "ಅಯ್ಯೋ ಅದ್ರಲ್ಲಿ ಕರೆಂಟ್ ಇದೆ ಮಾರಾಯ, ನಮಗ್ಯಾಕೆ ಬೇಕು" ಅಂತ ಹಿಂದೆ ಸರಿಯುತ್ತಾರೆ. ನಿಜ ಹೇಳಬೇಕು ಅಂದರೆ ಇದು ಇಂಜಿನ್ ಆಯಿಲ್ ಕೆಲಸಕ್ಕಿಂತ ಸುಲಭ. ಬದಲಾಯಿಸೋಕೆ ಫಿಲ್ಟರ್ ಕೂಡ ಇಲ್ಲ. ಹಳೆಯದನ್ನು ಇಳಿಸಬೇಕು, ಹೊಸದನ್ನು ತುಂಬಬೇಕು, ಅಷ್ಟೇ. ಆದರೆ ಯಾವುದು ಮೊದಲು, ಯಾವುದು ಆಮೇಲೆ ಅನ್ನೋದು ಮಾತ್ರ ತಪ್ಪಬಾರದು.

ನಾನಿರೋದು ನ್ಯೂಜೆರ್ಸಿಯಲ್ಲಿ. ಕಾರು 2008ರ ಟೊಯೋಟಾ ಪ್ರಿಯಸ್, ಅಂದರೆ ಎರಡನೇ ತಲೆಮಾರಿನದು. ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಹಿಂದಿನ ಮಾಲೀಕರು ಈ ಆಯಿಲ್ ಮುಟ್ಟಿದ್ದರ ಬಗ್ಗೆ ಕಾಗದಪತ್ರದಲ್ಲಿ ಒಂದು ಸಾಲೂ ಇರಲಿಲ್ಲ. ಹತ್ತಿರದ ಒಂದು ಗ್ಯಾರೇಜಿನಲ್ಲಿ ಕೇಳಿದರೆ "ಇದು ಲೈಫ್‌ಟೈಮ್ ಆಯಿಲ್, ಬದಲಾಯಿಸೋದೇ ಬೇಡ" ಅಂದರು. ಇನ್ನೊಂದು ಕಡೆ ಕೇಳಿದರೆ "ಸಿವಿಟಿ ಫ್ಲಶ್ ಮಾಡಬೇಕು, ಮೆಷಿನ್ ಹಾಕಿ ತೊಳೀಬೇಕು" ಅಂತ ಬೆಚ್ಚಿಬೀಳುವಂಥ ರೇಟು ಹೇಳಿದರು. (ಸಿವಿಟಿ ಅಂದರೆ ಗೇರಿನ ಹಂತಗಳೇ ಇಲ್ಲದ ಆಟೋಮ್ಯಾಟಿಕ್ ಗೇರ್ ಬಾಕ್ಸ್.) ಎರಡೂ ತಪ್ಪು. ಯಾಕೆ ತಪ್ಪು ಅಂತ ಗೊತ್ತಾಗಬೇಕಾದರೆ ಒಳಗೆ ಏನಿದೆ ಅಂತ ಸ್ವಲ್ಪ ನೋಡಬೇಕು.

ಪ್ರಿಯಸ್‌ನ ಗೇರ್ ಬಾಕ್ಸಿನಲ್ಲಿ ನಾವು ಅಂದುಕೊಳ್ಳೋ ಸಾಮಾನು ಯಾವುದೂ ಇಲ್ಲ. ಕ್ಲಚ್ ಇಲ್ಲ, ಟಾರ್ಕ್ ಕನ್ವರ್ಟರ್ ಇಲ್ಲ, ಮಾಮೂಲಿ ಸಿವಿಟಿಯಲ್ಲಿರೋ ಬೆಲ್ಟೂ ಇಲ್ಲ. ಇರೋದು ಒಂದು ಪ್ಲಾನೆಟರಿ ಗೇರ್ ಸೆಟ್, ಅದಕ್ಕೆ ಜೋಡಿಸಿದ ಎರಡು ಮೋಟಾರ್ ಜನರೇಟರ್, ಅಂದರೆ ಎಂಜಿ1, ಎಂಜಿ2. ನಡುವಿನ ಸನ್ ಗೇರಿಗೆ ಎಂಜಿ1, ಹೊರಗಿನ ರಿಂಗ್ ಗೇರಿಗೆ ಎಂಜಿ2 (ಚಕ್ರಕ್ಕೆ ಹೋಗೋ ದಾರಿಯೂ ಇದೇ), ಇವೆರಡರ ಮಧ್ಯೆ ಓಡಾಡೋ ಪ್ಲಾನೆಟ್ ಗೇರುಗಳ ಕ್ಯಾರಿಯರ್‌ಗೆ ಇಂಜಿನ್. ಸನ್ ಗೇರಿಗೆ 30 ಹಲ್ಲು, ರಿಂಗ್ ಗೇರಿಗೆ 78. ಹಾಗಾಗಿ ಇಂಜಿನ್ನಿನ ಟಾರ್ಕ್‌ನಲ್ಲಿ, ಅಂದರೆ ತಿರುಗಿಸೋ ಬಲದಲ್ಲಿ, ಶೇಕಡ 72ರಷ್ಟು ನೇರವಾಗಿ ಚಕ್ರದ ಕಡೆಗೆ, 28ರಷ್ಟು ಎಂಜಿ1 ಕಡೆಗೆ ಹೋಗುತ್ತದೆ. ಎಂಜಿ1ರ ವೇಗವನ್ನು ಕಂಪ್ಯೂಟರ್ ಹೆಚ್ಚು ಕಡಿಮೆ ಮಾಡಿದರೆ ಗೇರ್ ಬದಲಾಯಿಸಿದ ಹಾಗೇ ಆಯಿತು. ಗಾಡಿಯಲ್ಲಿ ಸ್ಟಾರ್ಟರ್ ಮೋಟಾರ್ ಬೇರೆ ಇಲ್ಲ, ಆಲ್ಟರ್ನೇಟರೂ ಇಲ್ಲ, ಆ ಕೆಲಸಕ್ಕೂ ಎಂಜಿ1ರೇ ಗತಿ. ರಿವರ್ಸ್ ಗೇರ್ ಅಂತಲೂ ಇಲ್ಲ, ಎಂಜಿ2 ಉಲ್ಟಾ ತಿರುಗಿದರೆ ಗಾಡಿ ಹಿಂದೆ ಹೋಗುತ್ತದೆ. ಇದನ್ನು ಯೋಚಿಸಿದ ಇಂಜಿನಿಯರಿಗೆ ಕೈಮುಗಿಯಬೇಕು, ಅಲ್ವಾ?

ಕ್ಲಚ್ ಇಲ್ಲದ ಮೇಲೆ ಕ್ಲಚ್ಚಿನ ಪುಡಿ ಆಯಿಲ್‌ಗೆ ಬರೋ ಪ್ರಶ್ನೆಯೇ ಇಲ್ಲ. ಆದ್ದರಿಂದ ಮೆಷಿನ್ ಹಾಕಿ ತೊಳೆಯೋ ಅಗತ್ಯವೂ ಇಲ್ಲ. ಹಾಗಂತ ಆಯಿಲ್ ಚಿರಂಜೀವಿಯೂ ಅಲ್ಲ. ಗೇರು, ಬೇರಿಂಗು, ಎರಡನೇ ತಲೆಮಾರಿನಲ್ಲಿ ಒಳಗಿರೋ ಒಂದು ಚೈನು, ಇವೆಲ್ಲ ಸವೆದ ಸಣ್ಣ ಲೋಹದ ಪುಡಿ ಅದರಲ್ಲೇ ತೇಲಿಕೊಂಡಿರುತ್ತದೆ. ಮೋಟಾರಿನ ತಾಮ್ರದ ಸುರುಳಿಗಳನ್ನು ತಣ್ಣಗಿಡೋದೂ ಇದೇ ಆಯಿಲ್. 201.6 ವೋಲ್ಟಿನ ಬ್ಯಾಟರಿಯಿಂದ ಬರೋ ಕರೆಂಟನ್ನು 500 ವೋಲ್ಟಿನವರೆಗೆ ಏರಿಸಿ ಓಡಿಸೋ ಮೋಟಾರು ಅದು. ಅಂಥದ್ದನ್ನು ಮುಟ್ಟಿಕೊಂಡಿರೋ ಆಯಿಲ್ ಚೊಕ್ಕವಾಗಿದ್ದರೆ ಒಳ್ಳೇದು ಅನ್ನೋದಕ್ಕೆ ಇದಕ್ಕಿಂತ ಕಾರಣ ಬೇಕಾ? ಹೈಬ್ರಿಡ್ ಕೆಲಸ ಗೊತ್ತಿರೋ ಎಷ್ಟೋ ಮೆಕ್ಯಾನಿಕ್‌ಗಳು 60,000 ಮೈಲಿಗೆ, ಅಂದರೆ ಸುಮಾರು ಒಂದು ಲಕ್ಷ ಕಿಲೋಮೀಟರಿಗೆ ಒಮ್ಮೆ ಬದಲಾಯಿಸಿ ಅನ್ನುತ್ತಾರೆ. ನನಗೂ ಅದೇ ಸರಿ ಅನ್ನಿಸುತ್ತದೆ.

ಆಯಿಲ್ ಯಾವುದು ಅನ್ನೋದರಲ್ಲಿ ಚೌಕಾಸಿ ಬೇಡ. ಟೊಯೋಟಾ ಎಟಿಎಫ್ ಡಬ್ಲ್ಯುಎಸ್, ಅಂದರೆ ಟೊಯೋಟಾದ್ದೇ ಆಟೋಮ್ಯಾಟಿಕ್ ಗೇರ್ ಬಾಕ್ಸ್ ಆಯಿಲ್. ಸಿವಿಟಿ ಫ್ಲೂಯಿಡ್ ಹಾಕಬೇಡಿ, "ಎಲ್ಲಾ ಗಾಡಿಗೂ ಆಗುತ್ತೆ" ಅಂತ ಬರೆದಿರೋ ಡಬ್ಬವನ್ನೂ ಹಾಕಬೇಡಿ. ನನ್ನ ಗಾಡಿಗೆ 3.8 ಲೀಟರ್ ಹಿಡಿಯುತ್ತದೆ, ಅಂದರೆ ನಾಲ್ಕು ಕ್ವಾರ್ಟ್ ಬಾಟಲಿ. ಒಂದು ಜಾಸ್ತಿ ತಂದಿಟ್ಟುಕೊಳ್ಳಿ, ಚೆಲ್ಲಿದರೆ ಅರ್ಧಕ್ಕೆ ಅಂಗಡಿಗೆ ಓಡೋದು ತಪ್ಪುತ್ತದೆ. ಜೊತೆಗೆ ಎರಡೂ ಪ್ಲಗ್ಗಿಗೆ ಹೊಸ ವಾಷರ್, ಒಂದು ಆಲಿಕೆ, ಒಂದು ಮೀಟರಿನಷ್ಟು ಪ್ಲಾಸ್ಟಿಕ್ ಪೈಪು, ಟಾರ್ಕ್ ರೆಂಚ್.

ಈಗ ಕರೆಂಟಿನ ವಿಷಯ. ಹೈ ವೋಲ್ಟೇಜ್ ಹರಿಯೋ ಕಿತ್ತಳೆ ಬಣ್ಣದ ಕೇಬಲ್ ಯಾವುದನ್ನೂ ಮುಟ್ಟೋ ಕೆಲಸ ಇದರಲ್ಲಿಲ್ಲ. ನಿಜವಾದ ಅಪಾಯ ಬೇರೆ. ರೆಡಿ ಅನ್ನೋ ದೀಪ ಉರಿಯುತ್ತಿದ್ದರೆ ಇಂಜಿನ್ ಸುಮ್ನೆ ಇದ್ದರೂ ಗಾಡಿ ಆನ್ ಆಗಿದೆ ಅಂತ ಅರ್ಥ, ಬ್ಯಾಟರಿ ಇಳಿದ ತಕ್ಷಣ ಹೇಳದೆ ಕೇಳದೆ ಇಂಜಿನ್ ಶುರುವಾಗುತ್ತದೆ. ಹಾಗಾಗಿ ಪವರ್ ಆಫ್ ಮಾಡಿ, ಸ್ಮಾರ್ಟ್ ಕೀಯನ್ನು ಮನೆಯೊಳಗೆ ಇಟ್ಟು ಬನ್ನಿ. ಜೇಬಿನಲ್ಲಿಟ್ಟುಕೊಂಡು ಗಾಡಿ ಕೆಳಗೆ ಮಲಗಬೇಡಿ. ಮಕ್ಕಳಿರೋ ಮನೆಯಾದರೆ ಅವರ ಕೈಗೂ ಸಿಗದ ಕಡೆ ಇಡಿ. ಬರೀ ಜಾಕ್ ನಂಬಿ ಗಾಡಿ ಕೆಳಗೆ ಹೋಗಬಾರದು ಅಂತ ಬೇರೆ ಹೇಳಬೇಕಾ, ನಾಲ್ಕೂ ಕಡೆ ಸ್ಟ್ಯಾಂಡ್ ಕೊಡಿ. ನಾಲ್ಕೂ ಕಡೆ ಯಾಕೆ ಅಂದರೆ ಆಯಿಲ್ ಮಟ್ಟ ನೋಡುವಾಗ ಗಾಡಿ ಸಮತಟ್ಟಾಗಿರಬೇಕು. ಮುಂದೆ ಮಾತ್ರ ಎತ್ತಿದರೆ ಲೆಕ್ಕ ತಪ್ಪುತ್ತದೆ. ನಮ್ಮ ಮನೆ ಮುಂದಿನ ಡ್ರೈವ್‌ವೇ ಇಳಿಜಾರು, ಆದ್ದರಿಂದ ಗ್ಯಾರೇಜಿನ ಒಳಗೇ ಮಾಡಿದೆ.

ಕೆಳಗೆ ಹೋದ ಮೇಲೆ ಮೊದಲು ತೆಗೆಯಬೇಕಾದ್ದು ಮೇಲಿನ ಪ್ಲಗ್, ಅಂದರೆ ಆಯಿಲ್ ತುಂಬೋ ತೂತಿನದು. ಇಳಿಸೋದಲ್ಲ, ತುಂಬೋದು! ಇದೊಂದನ್ನು ಗಟ್ಟಿಯಾಗಿ ನೆನಪಿಡಿ. ಹಳೇ ಆಯಿಲ್ ಎಲ್ಲ ಇಳಿಸಿ ಆದ ಮೇಲೆ ತುಂಬೋ ಪ್ಲಗ್ ಕಚ್ಚಿಕೊಂಡು ಬರದೇ ಹೋದರೆ, ಖಾಲಿ ಗೇರ್ ಬಾಕ್ಸ್ ಇಟ್ಟುಕೊಂಡು ಟೋ ಟ್ರಕ್ ಕರೆಯಬೇಕಾಗುತ್ತದೆ.

ಎರಡನೇ ಎಚ್ಚರ ಕೆಳಗಿನ ಪ್ಲಗ್ಗಿನದು. ಈ ಗಾಡಿಯಲ್ಲಿ ಇನ್ವರ್ಟರ್ (ಬ್ಯಾಟರಿ ಕರೆಂಟನ್ನು ಮೋಟಾರಿಗೆ ತಕ್ಕಂತೆ ಬದಲಾಯಿಸೋ ಪೆಟ್ಟಿಗೆ) ತಣ್ಣಗಿಡೋ ಕೂಲೆಂಟ್ ಕೂಡ ಗೇರ್ ಬಾಕ್ಸಿನ ಮೂಲಕವೇ ಹಾದುಹೋಗುತ್ತದೆ, ಅದಕ್ಕೂ ಅಲ್ಲೇ ಪಕ್ಕದಲ್ಲಿ ಒಂದು ಡ್ರೈನ್ ಪ್ಲಗ್ ಇದೆ. ಗಾಡಿಯ ರಿಪೇರಿ ಪುಸ್ತಕದ ಚಿತ್ರ ನೋಡಿ ಗುರುತು ಮಾಡಿಕೊಂಡೇ ಕೈ ಹಾಕಿ. ಟೊಯೋಟಾ ಕೂಲೆಂಟ್ ಗುಲಾಬಿ ಬಣ್ಣ, ಎಟಿಎಫ್ ಕೆಂಪು, ಮಬ್ಬು ಬೆಳಕಿನಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಬರ್ತಿರೋದು ನೀರು ನೀರಾಗಿದ್ದರೆ ತಕ್ಷಣ ಪ್ಲಗ್ ವಾಪಸ್ ಹಾಕಿ.

ಸರಿಯಾದ ಪ್ಲಗ್ ಬಿಚ್ಚಿದರೆ ಒಂದು ದಪ್ಪ ಧಾರೆ ಬರುತ್ತದೆ, ಟ್ರೇ ಸ್ವಲ್ಪ ಮುಂದಕ್ಕೇ ಇಡಿ. ನನ್ನ ಗಾಡಿಯಿಂದ ಬಂದದ್ದಕ್ಕೂ ಹೊಸ ಬಾಟಲಿಯಲ್ಲಿದ್ದದ್ದಕ್ಕೂ ಸಂಬಂಧವೇ ಇರಲಿಲ್ಲ. ಹೊಸದು ದಾಳಿಂಬೆ ರಸದ ಹಾಗೆ ಕೆಂಪಗೆ, ಆಚೆ ಈಚೆ ಕಾಣುವಷ್ಟು ತಿಳಿ. ಹಳೆಯದು ಕಪ್ಪುಗೆಂಪು. ಬೆರಳಿಗೆ ಹಚ್ಚಿ ಟಾರ್ಚ್ ಬೆಳಕಿಗೆ ಹಿಡಿದರೆ ಬೂದು ಬಣ್ಣದ ನಯವಾದ ಮಿನುಗು ಕಾಣುತ್ತಿತ್ತು, ಉಜ್ಜಿದರೆ ಕೈಗೆ ಕಾಳು ಕಾಳಾಗಿ ಏನೂ ತಾಗುತ್ತಿರಲಿಲ್ಲ. ಅದು ಒಳ್ಳೆಯ ಲಕ್ಷಣ. ಚೂರು ಚೂರು ಲೋಹ ಕೈಗೆ ಸಿಕ್ಕಿದರೆ ಮಾತ್ರ ಚಿಂತೆ ಮಾಡಬೇಕು. ಲೈಫ್‌ಟೈಮ್ ಅಂದವರಿಗೆ ಈ ಟ್ರೇಯ ಫೋಟೋ ಕಳಿಸಬೇಕು ಅನ್ನಿಸಿತು.

ಪೂರ್ತಿ ಇಳಿಯೋಕೆ ಬಿಡಿ, ಅವಸರ ಬೇಡ, ಕಾಫಿ ಕುಡಿದು ಬನ್ನಿ. ಆಮೇಲೆ ಡ್ರೈನ್ ಪ್ಲಗ್ಗಿಗೆ ಹೊಸ ವಾಷರ್ ಹಾಕಿ 39 ನ್ಯೂಟನ್ ಮೀಟರಿಗೆ ಬಿಗಿ ಮಾಡಿ. ಗೇರ್ ಬಾಕ್ಸಿನ ಮೈ ಅಲ್ಯೂಮಿನಿಯಂ, ಶಕ್ತಿ ತೋರಿಸಿದರೆ ತೂತಿನ ಮರೆ (ಥ್ರೆಡ್) ಹಾಳಾಗುತ್ತದೆ. ತುಂಬೋಕೆ ಬಾನೆಟ್ ಎತ್ತಿ, ಮೇಲಿನಿಂದ ಪೈಪನ್ನು ಸಂದಿಯಲ್ಲಿ ಇಳಿಸಿ, ತುದಿಯನ್ನು ತುಂಬೋ ತೂತಿಗೆ ಕೂರಿಸಿ ಆಲಿಕೆಯಲ್ಲಿ ಸುರಿದರೆ ಆಯಿತು. ಚಳಿ ಇದ್ದರೆ ತುಂಬಾ ನಿಧಾನ ಇಳಿಯುತ್ತದೆ. ಬಾಟಲಿಗಳನ್ನು ಮೊದಲೇ ಮನೆಯೊಳಗೆ ಬೆಚ್ಚಗಿಟ್ಟಿದ್ದರೆ ಪರವಾಗಿಲ್ಲ. ತೂತಿನಿಂದ ಹೊರಗೆ ತೊಟ್ಟಿಕ್ಕೋಕೆ ಶುರುವಾದರೆ ತುಂಬಿತು ಅಂತ ಅರ್ಥ. ಮಟ್ಟ ತೂತಿನ ಕೆಳಗಿನ ಅಂಚಿನಿಂದ 10 ಮಿಲಿಮೀಟರಿನ ಒಳಗೆ ಇರಬೇಕು. ಕಿರುಬೆರಳು ಬಗ್ಗಿಸಿ ಒಳಗೆ ಹಾಕಿದರೆ ತಿಳಿಯುತ್ತದೆ. ಪ್ಲಗ್ ಹಾಕಿ, ಗಾಡಿ ಇಳಿಸಿ, ಒಂದು ಸುತ್ತು ಹೋಗಿ ಬಂದು ಎಲ್ಲೂ ಸೋರುತ್ತಿಲ್ಲ ಅಂತ ನೋಡಿಕೊಳ್ಳಿ.

ಮೈಲೇಜ್ ಜಾಸ್ತಿ ಆಯ್ತಾ ಅಂತ ಕೇಳಿದರೆ, ಇಲ್ಲ. ಆಗುತ್ತೆ ಅನ್ನೋರ ಮಾತನ್ನು ನಾನು ನಂಬೋದಿಲ್ಲ.

ಈ ಕೆಲಸದ ಫೋಟೋಗಳನ್ನು ಮನೆಯವರ ಗ್ರೂಪಿಗೆ ಹಾಕಿದ್ದೇ ತಡ, ಮೈಸೂರಿನಿಂದ ಭಾವ ಫೋನ್ ಮಾಡಿದರು. ಅವರದು ಬಿಡದಿಯಲ್ಲಿ ತಯಾರಾದ ಟೊಯೋಟಾ ಹೈರೈಡರ್, ಸ್ಟ್ರಾಂಗ್ ಹೈಬ್ರಿಡ್. "ಏನಪ್ಪಾ, ನಂದೂ ಹೀಗೇ ಇಳಿಸ್ಬಹುದಾ?" ಅಂದರು. ಒಳಗಿನ ಗೇರಿನ ತತ್ವ ಅದೇ ಭಾವ, ಆದರೆ ಆಯಿಲ್ ಎಷ್ಟು ಹಿಡಿಯುತ್ತೆ, ಪ್ಲಗ್ ಎಲ್ಲಿದೆ ಅನ್ನೋದೆಲ್ಲ ನಿಮ್ಮ ಗಾಡಿಯ ಪುಸ್ತಕದಲ್ಲಿ ನೋಡ್ಬೇಕು, ವಾರಂಟಿ ಇರೋವರೆಗೂ ಸರ್ವಿಸ್ ಸೆಂಟರಿನಲ್ಲೇ ಮಾಡಿಸಿ ಬಿಲ್ ಎತ್ತಿಟ್ಕೊಳ್ಳಿ ಅಂದೆ. ಅವರಿಗೆ ಅಷ್ಟು ಖುಷಿಯಾಗಲಿಲ್ಲ. ಆ ಹಳೇ ಆಯಿಲ್ ಏನ್ಮಾಡ್ದೆ ಅಂತ ಕೇಳಿದರು. ಇಲ್ಲಿ ಬಿಡಿಭಾಗದ ದೊಡ್ಡ ಅಂಗಡಿಗಳು ಎಷ್ಟೋ ಕಡೆ ಹಳೇ ಆಯಿಲನ್ನು ಪುಕ್ಕಟೆ ತಗೊಳ್ಳುತ್ತವೆ, ಖಾಲಿಯಾದ ಬಾಟಲಿಗಳಿಗೇ ವಾಪಸ್ ತುಂಬಿ ಕೊಟ್ಟು ಬಂದೆ. ಕೂಲೆಂಟ್ ಜೊತೆ ಬೆರೆಸಿದ್ದರೆ ಮಾತ್ರ ತಗೊಳ್ಳೋದಿಲ್ಲ, ಬೇರೆ ಬೇರೆಯಾಗಿ ಇಡಿ.