ಊದಿ ಊದಿ ಹೋದರಾ ಅಂತ ಕೇಳುವವರಿಗೆ

ಇಲ್ಲ. ನಮ್ಮ ಮೇಷ್ಟ್ರು ಟ್ಯೂಬಾ ಊದಿ ಸಾಯಲಿಲ್ಲ. ವಯಸ್ಸಾಗಿತ್ತು, ಹೃದಯದ ತೊಂದರೆ ಇತ್ತು, ಹೋದರು. ಶ್ವಾಸಕೋಶಕ್ಕೆ ಏನೂ ಆಗಿರಲಿಲ್ಲ.

ಅವರು ತೀರಿಕೊಂಡ ವಿಷಯ ಹೇಳಿದಾಗಲೆಲ್ಲ ಜನ ಮೊದಲು "ಅಯ್ಯೋ ಪಾಪ" ಅನ್ನುತ್ತಾರೆ. ಆಮೇಲೆ ಎರಡೂ ಕೈ ಅಗಲಿಸಿ ವಾದ್ಯದ ಗಾತ್ರ ತೋರಿಸುತ್ತಾರೆ. ಅದರ ಹಿಂದೆಯೇ ಪ್ರಶ್ನೆ: "ಅಷ್ಟು ದೊಡ್ಡದನ್ನ ಊದಬೇಕಂದ್ರೆ ಎಷ್ಟು ಉಸಿರು ಬೇಕು! ಊದಿ ಊದಿಯೇ ಹೀಗಾಯ್ತಾ?" ಕೆಲವರು ಕೇಳುವುದೂ ಇಲ್ಲ. ತಾವೇ ತೀರ್ಮಾನ ಮಾಡಿಕೊಂಡು ತಲೆ ಆಡಿಸುತ್ತಾರೆ. ಫೋನಿನಲ್ಲಿ, ಮೆಟ್ಟಿಲ ಮೇಲೆ, ಬಸ್ಸು ಹತ್ತುವಾಗ ಉತ್ತರ ಹೇಳಿ ಹೇಳಿ ಸಾಕಾಗಿದೆ. ಒಂದು ಸಲ ಪೂರ್ತಿ ಬರೆದುಬಿಡುತ್ತೇನೆ.

ಟ್ಯೂಬಾ ನೋಡಿಲ್ಲದವರಿಗೆ ಎರಡು ಮಾತು. ಹಿತ್ತಾಳೆಯ ಊದುವ ವಾದ್ಯಗಳಲ್ಲಿ ಮಂದ್ರದ ತಳಕ್ಕೆ ಇಳಿಯುವುದು ಇದು. 1835ರಲ್ಲಿ ಬರ್ಲಿನ್‌ನಲ್ಲಿ ಬ್ಯಾಂಡ್ ಮುಖ್ಯಸ್ಥ ವೀಪ್ರೆಖ್ಟ್ ಮತ್ತು ವಾದ್ಯ ತಯಾರಕ ಮೋರಿಟ್ಸ್ ಇದಕ್ಕೆ ಪೇಟೆಂಟ್ ಪಡೆದರು. ಮೇಷ್ಟ್ರ ಹತ್ತಿರ ಇದ್ದದ್ದು ದೊಡ್ಡ ಬಿ ಫ್ಲ್ಯಾಟ್ ಟ್ಯೂಬಾ. ಅದರ ಸುರುಳಿ ಬಿಚ್ಚಿ ನೆಟ್ಟಗೆ ಮಾಡಿದರೆ ಸುಮಾರು 5.5 ಮೀಟರ್ ಉದ್ದದ ಕೊಳವೆ. ಈ ಲೆಕ್ಕ ಹೇಳಿದ ತಕ್ಷಣ ಎದುರಿನವರು "ನೋಡಿದ್ರಾ, ನಾನು ಹೇಳಿದ್ದೂ ಅದೇ" ಅನ್ನುತ್ತಾರೆ. ಅಷ್ಟೂ ಉದ್ದಕ್ಕೆ ಗಾಳಿಯನ್ನು ನೂಕಬೇಕು ಅಂತ ಅವರ ಲೆಕ್ಕಾಚಾರ.

ನೂಕಬೇಕಾಗಿಲ್ಲ. ಕೊಳವೆಯೊಳಗೆ ಗಾಳಿ ಆಗಲೇ ಇರುತ್ತದೆ. ತುಟಿ ಅದುರಿದರೆ ಅದೂ ಜೊತೆಗೆ ಅದುರುತ್ತದೆ. ಆ ಅದುರು ನಿಲ್ಲದಂತೆ ನೋಡಿಕೊಳ್ಳುವುದಷ್ಟೇ ನಮ್ಮ ಉಸಿರಿನ ಕೆಲಸ. ತಗ್ಗಿನ ಸ್ವರಕ್ಕೆ ಗಾಳಿ ಜಾಸ್ತಿ ಖರ್ಚಾಗುತ್ತದೆ, ನಿಜ. ಆದರೆ ಒತ್ತಡ ಕಡಿಮೆ. ಅದೇ ಓಬೋ ನೋಡಿ. ಮರದ ಊದುವ ವಾದ್ಯ, ಕೈಯಲ್ಲಿ ಹಿಡಿದರೆ ಪುಟ್ಟದು. ಅದರ ಎರಡು ರೀಡ್‌ಗಳ, ಅಂದರೆ ತುಟಿಗೆ ಹಿಡಿಯುವ ತೆಳು ಜೊಂಡಿನ ಪಟ್ಟಿಗಳ, ನಡುವೆ ಇರುವುದು ಸಣ್ಣ ಸಂದು. ಅದರೊಳಗೆ ಗಾಳಿ ಕಳಿಸಲು ಬಾಯಲ್ಲಿ ಬೇಕಾಗುವ ಒತ್ತಡ ಟ್ಯೂಬಾಗಿಂತ ಎಷ್ಟೋ ಜಾಸ್ತಿ. ಓಬೋದವರಿಗೆ ಒಂದು ಸಾಲು ಮುಗಿದರೂ ಹಳೆಯ ಗಾಳಿ ಎದೆಯಲ್ಲೇ ಉಳಿದಿರುತ್ತದೆ. ಅದನ್ನು ಮೊದಲು ಹೊರಗೆ ಬಿಟ್ಟು ಆಮೇಲೆ ಹೊಸದು ಎಳೆದುಕೊಳ್ಳಬೇಕು. ನಮಗೆ ಗಾಳಿ ಬೇಗ ಮುಗಿಯುತ್ತದೆ, ಮತ್ತೆ ತೆಗೆದುಕೊಳ್ಳುತ್ತೇವೆ. ಅಷ್ಟೇ ವ್ಯತ್ಯಾಸ. ಓಬೋ ನುಡಿಸುವವರು ತೀರಿಕೊಂಡರೆ ಯಾರಾದರೂ "ಊದಿ ಊದಿ ಹೋದರಾ" ಅಂತ ಕೇಳ್ತಾರಾ? ಇಲ್ಲ. ವಾದ್ಯ ಚಿಕ್ಕದಲ್ವಾ, ಯಾರಿಗೂ ಆ ಯೋಚನೆಯೇ ಬರುವುದಿಲ್ಲ.

ಇನ್ನು ಶ್ವಾಸಕೋಶದ ಗಾತ್ರ. ಅದು ನಮ್ಮ ಎತ್ತರ, ವಯಸ್ಸು, ಮೈಕಟ್ಟಿನ ಮೇಲೆ ನಿಂತಿದೆ. ಊದಿದರೆ ಅದು ಹಿಗ್ಗುವುದಿಲ್ಲ. ಎಳೆದುಕೊಳ್ಳುವ ಉಸಿರು ತಡವಿಲ್ಲದೆ ತುಂಬುವುದು, ಬಿಡುವ ಉಸಿರು ಎಲ್ಲೂ ಬಿಗಿಯದೆ ಹೋಗುವುದು, ಅಭ್ಯಾಸದಿಂದ ಬರುವುದು ಇಷ್ಟೇ. ಇದಕ್ಕೆ ಮೇಷ್ಟ್ರು ಯಾವಾಗಲೂ ಹೇಳುತ್ತಿದ್ದ ಹೆಸರು ಆರ್ನಾಲ್ಡ್ ಜೇಕಬ್ಸ್. ಜೇಕಬ್ಸ್ 1944ರಿಂದ 1988ರವರೆಗೆ ಶಿಕಾಗೊ ಸಿಂಫನಿ ಆರ್ಕೆಸ್ಟ್ರಾದಲ್ಲಿ ಟ್ಯೂಬಾ ನುಡಿಸಿದವರು. ಟ್ಯೂಬಾದವರು ಮಾತ್ರವಲ್ಲ, ಟ್ರಂಪೆಟ್, ಹಾರ್ನ್, ಕೊಳಲು ನುಡಿಸುವವರೂ ಅವರ ಹತ್ತಿರ ಉಸಿರಿನ ಪಾಠಕ್ಕೆ ಹೋಗುತ್ತಿದ್ದರು. ಆ ಜೇಕಬ್ಸ್‌ಗೆ ಉಬ್ಬಸ ಇತ್ತು! ಆದರೂ 44 ವರ್ಷ ಆ ಕುರ್ಚಿಯಲ್ಲಿ ಕೂತರು. ತೀರಿಕೊಂಡಿದ್ದು 1998ರಲ್ಲಿ, 83ನೇ ವಯಸ್ಸಿನಲ್ಲಿ. ಉಸಿರನ್ನು ಅಳೆಯುವ ಸಾಧನಗಳನ್ನೆಲ್ಲ ಕೋಣೆಯಲ್ಲಿ ಇಟ್ಟುಕೊಂಡಿದ್ದ ಮನುಷ್ಯ, ಕೊನೆಗೆ ಶಿಷ್ಯರಿಗೆ ಒತ್ತಿ ಹೇಳುತ್ತಿದ್ದದ್ದು ಎರಡೇ: ಹಾಡು ಮತ್ತು ಗಾಳಿ. ಹಾಡು ಮೊದಲು. ಸ್ವರ ತಲೆಯಲ್ಲಿ ಸ್ಪಷ್ಟವಾಗಿ ಕೇಳಿಸಿದರೆ ಮೈ ತನ್ನ ಕೆಲಸ ತಾನೇ ಮಾಡುತ್ತದೆ ಅನ್ನುವುದು ಅವರ ನಂಬಿಕೆ. ಮೇಷ್ಟ್ರು ಅವರನ್ನು ಕಂಡವರಲ್ಲ. ಆದರೂ ಅವರ ಮಾತು ಬಂದಾಗ ಕುರ್ಚಿಯಲ್ಲಿ ನೆಟ್ಟಗೆ ಕೂರುತ್ತಿದ್ದರು.

ಪೂರ್ತಿ ನಿಜ ಹೇಳಬೇಕಾದರೆ, ಊದುವ ವಾದ್ಯದಿಂದ ಶ್ವಾಸಕೋಶಕ್ಕೆ ತೊಂದರೆ ಆಗುವ ಒಂದು ದಾರಿ ಇದೆ. ವಾದ್ಯವನ್ನು ತೊಳೆಯದೆ ಬಿಟ್ಟರೆ ಒಳಗಿನ ತೇವಕ್ಕೆ ಬೂಸ್ಟು ಹಿಡಿಯುತ್ತದೆ. ಅದನ್ನು ವರ್ಷಗಟ್ಟಲೆ ಉಸಿರಿನಲ್ಲಿ ಎಳೆದುಕೊಂಡು ಕಾಯಿಲೆ ಬಿದ್ದ ಬ್ಯಾಗ್‌ಪೈಪ್, ಟ್ರಾಂಬೋನ್ ವಾದಕರ ವಿಷಯವನ್ನು ವೈದ್ಯರು ಬರೆದಿದ್ದಾರೆ. ಆದರೆ ಮೇಷ್ಟ್ರ ಟ್ಯೂಬಾ ಅವರ ಅಡುಗೆಮನೆಗಿಂತ ಚೊಕ್ಕಟವಾಗಿತ್ತು. ಉಗುರುಬೆಚ್ಚಗಿನ ನೀರು, ಉದ್ದನೆಯ ಬಳುಕುವ ಬ್ರಷ್ಷು, ಎಲ್ಲಾ ಸ್ಲೈಡ್ ಬಿಚ್ಚಿ ಸಾಲಾಗಿ ಟವೆಲ್ಲಿನ ಮೇಲೆ. ಆ ಹೊತ್ತಿನಲ್ಲಿ ಪಾಠಕ್ಕೆ ಹೋದವರ ಕೈಗೂ ಒಂದು ಬ್ರಷ್ಷು ಸಿಗುತ್ತಿತ್ತು. ಮುಗಿಯುವವರೆಗೆ ಸಂಗೀತದ ಮಾತಿಲ್ಲ.

ನನಗೆ ನಿಜವಾಗಿ ಸಿಟ್ಟು ಬಂದದ್ದು ಅವರ ನೆನಪಿಗೆ ಸೇರಿದ್ದ ಸಭೆಯಲ್ಲಿ. ಒಬ್ಬರು ವೇದಿಕೆಯ ಮೇಲೆ ನಿಂತು, ಪ್ರೀತಿಯಿಂದಲೇ, "ಅವರದು ದೈತ್ಯ ಶ್ವಾಸ" ಅಂದರು. ಚಪ್ಪಾಳೆ ಬಿತ್ತು. ನಮ್ಮ ಮೇಷ್ಟ್ರು ಕುಳ್ಳಗೆ, ಸಣಕಲು. ಟ್ಯೂಬಾ ತೊಡೆಯ ಮೇಲಿಟ್ಟುಕೊಂಡರೆ ಎದುರಿನಿಂದ ಅವರ ಮುಖ ಅರ್ಧ ಮಾತ್ರ ಕಾಣುತ್ತಿತ್ತು. ಒಂದು ದೊಡ್ಡ ಸಾಲನ್ನು ಒಂದೇ ಉಸಿರಿಗೆ ಮುಗಿಸಲು ಅವರಿಗೆ ಆಗುತ್ತಿರಲಿಲ್ಲ. ಎಲ್ಲಿ ಉಸಿರು ತೆಗೆದುಕೊಂಡರೆ ಹಾಡು ಮುರಿಯುವುದಿಲ್ಲ ಅಂತ ಹುಡುಕಿ, ಪೆನ್ಸಿಲ್ಲಿನಲ್ಲಿ ಗುರುತು ಹಾಕಿಕೊಂಡು, ಅಲ್ಲಿ ತೆಗೆದುಕೊಳ್ಳುತ್ತಿದ್ದರು. ಗುರುತು ಅಳಿಸಿ ಬೇರೆ ಕಡೆ ಹಾಕಿ, ಮತ್ತೆ ಅಳಿಸಿ, ಕಾಗದ ಅಲ್ಲಲ್ಲಿ ತೆಳ್ಳಗಾಗಿತ್ತು. ಅಷ್ಟು ಕೆಲಸ ಮಾಡಿದವರಿಗೆ "ಹುಟ್ಟಾ ದೊಡ್ಡ ಶ್ವಾಸ ಬಂದಿತ್ತು" ಅನ್ನುವುದು ಹೊಗಳಿಕೆಯಾ? ಅವರ ದುಡಿಮೆಯನ್ನು ಎತ್ತಿ ಪಕ್ಕಕ್ಕಿಟ್ಟ ಹಾಗಾಯ್ತು. ನಾನು ಎದ್ದು ಹೇಳಬೇಕೆಂದಿದ್ದೆ. ಅವರ ಮಗಳು ಮುಂದಿನ ಸಾಲಿನಲ್ಲಿ ಕೂತಿದ್ದರು, ಸುಮ್ಮನಾದೆ. ಈಗ ಹೇಳಿದ್ದೇನೆ.

ಅವರು ಎಷ್ಟು ಉಸಿರು ಊದುತ್ತಿದ್ದರು ಅಂತ ಕೇಳುವ ಬದಲು, ಊದದೇ ಇದ್ದಾಗ ಏನು ಮಾಡುತ್ತಿದ್ದರು ಅಂತ ಯಾರಾದರೂ ಕೇಳಬಾರದೇ? ಆರ್ಕೆಸ್ಟ್ರಾದಲ್ಲಿ ಟ್ಯೂಬಾ ಸಾಮಾನ್ಯವಾಗಿ ಒಂದೇ ಇರುತ್ತದೆ, ಮತ್ತು ಅದು ಬಹಳ ಹೊತ್ತು ಸುಮ್ಮನಿರುತ್ತದೆ. ಚೆಕ್ ಸಂಗೀತಕಾರ ದ್ವೊರ್ಝಾಕ್‌ನ 'ನ್ಯೂ ವರ್ಲ್ಡ್' ಸಿಂಫನಿ ಇದೆಯಲ್ಲ, 1893ರಲ್ಲಿ ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಲ್ಲಿ ಮೊದಲು ಕೇಳಿಸಿದ್ದು, ಅದು ಸುಮಾರು 40 ನಿಮಿಷದ ಕೃತಿ. ಅದರಲ್ಲಿ ಟ್ಯೂಬಾಗೆ ಬರೆದಿರುವುದು 14 ಸ್ವರ. ಎಲ್ಲವೂ ಎರಡನೇ ಭಾಗವಾದ ಲಾರ್ಗೊದಲ್ಲಿ. ಮೊದಲ ಭಾಗ ಪೂರ್ತಿ ಸುಮ್ಮನೆ. ಮೂರನೆಯದೂ ಸುಮ್ಮನೆ. ಟ್ರಂಪೆಟ್, ಟ್ರಾಂಬೋನ್ ಎಲ್ಲ ಮೊಳಗುವ ಕೊನೆಯ ಭಾಗದಲ್ಲೂ ಟ್ಯೂಬಾದವರು ಕೈಕಟ್ಟಿ ಕೂರಬೇಕು.

ಮೇಷ್ಟ್ರು ಕೈಕಟ್ಟಿ ಕೂರುತ್ತಿರಲಿಲ್ಲ. ಹಿತ್ತಾಳೆ ವಾದ್ಯ ತಣ್ಣಗಾದರೆ ಶ್ರುತಿ ಇಳಿಯುತ್ತದೆ. ಹಾಗಾಗಿ ಮೊದಲ ಭಾಗ ನಡೆಯುವಾಗ ಅವರು ತುಟಿ ಅದುರಿಸದೆ, ಸದ್ದಿಲ್ಲದೆ, ಬಿಸಿಯುಸಿರನ್ನು ಟ್ಯೂಬಾದೊಳಗೆ ಬಿಡುತ್ತಾ ಇರುತ್ತಿದ್ದರು. ಪಕ್ಕದ ಟ್ರಾಂಬೋನ್‌ನವರು ಎಲ್ಲಿ ಉಸಿರು ತೆಗೆಯುತ್ತಾರೆ ಅಂತ ಗಮನಿಸುತ್ತಿದ್ದರು. ಲಾರ್ಗೊ ಶುರುವಾಗುವ ಆ ನಿಧಾನದ ಸ್ವರಗುಚ್ಛಗಳಿಗೆ ಇವರು ಅವರ ಉಸಿರಿನ ಜೊತೆಗೇ ಒಳಗೆ ಬರಬೇಕು, ಒಂದು ಕೂದಲೆಳೆ ಮುಂಚೆಯೂ ಇಲ್ಲ, ಜೋರೂ ಇಲ್ಲ. ಅಲ್ಲಿ ಟ್ಯೂಬಾವನ್ನೇ ಬೇರೆಯಾಗಿ ಕೇಳಿಸಿಕೊಂಡೆ ಅಂತ ಯಾರಾದರೂ ಹೇಳಿದರೆ ಅವರಿಗೆ ಬೇಜಾರಾಗುತ್ತಿತ್ತು.

ಆ ಸಿಂಫನಿಯ ಪಾಠವನ್ನು ನನಗೆ ಅವರು ಹೇಗೆ ಮಾಡಿದರು ಗೊತ್ತಾ? ಆ 14 ಸ್ವರಗಳನ್ನು ಮುಟ್ಟಲೇ ಇಲ್ಲ. ಮನೆಗೆ ಹೋಗಿ, ಟ್ಯೂಬಾ ತೊಡೆಯ ಮೇಲಿಟ್ಟುಕೊಂಡು, ರೆಕಾರ್ಡಿಂಗ್ ಪೂರ್ತಿ ಕೇಳು ಅಂದರು. ಮುಂದಿನ ಪಾಠದಲ್ಲಿ ಮೊದಲ ಪ್ರಶ್ನೆ ಸಿಂಬಲ್, ಅಂದರೆ ಆರ್ಕೆಸ್ಟ್ರಾದ ದೊಡ್ಡ ತಾಳದ ಬಗ್ಗೆ: "ಕೊನೇ ಭಾಗದಲ್ಲಿ ಸಿಂಬಲ್ ಎಷ್ಟು ಸಲ ಬರುತ್ತೆ?" ಟ್ಯೂಬಾಗೂ ಸಿಂಬಲ್‌ಗೂ ಏನು ಸಂಬಂಧ ಮೇಷ್ಟ್ರೇ ಅಂದೆ. "ಒಂದೇ ಸಲ ಬರುತ್ತೆ. ಅದೂ ಮೆಲ್ಲಗೆ. ಅದಕ್ಕೋಸ್ಕರ ಅವರು ಅಷ್ಟು ಹೊತ್ತು ಕಾದು ಕೂತಿರ್ತಾರೆ. ನೀನು ಅಲ್ಲೇ ಹಿಂದೆ ಕೂತಿರ್ತೀಯ, ಒಂದು ಸಲ ಅವರ ಕಡೆ ನೋಡು" ಅಂದರು. ಆಮೇಲೆ ನಕ್ಕು, "ನಮಗೆ 14 ಇದೆ ಮಾರಾಯ, ನಾವು ಸಿರಿವಂತರು" ಅಂದರು.

ಕಛೇರಿಯ ದಿನ ಅವರು ಆ ಸಿಂಬಲ್‌ನವರ ಕಡೆ ನೋಡಿ ಸಣ್ಣಗೆ ತಲೆ ಆಡಿಸುವುದನ್ನು ನಾನು ನೋಡಿದ್ದೇನೆ. ತಮ್ಮ ಕೆಲಸ ಎಷ್ಟೋ ಹೊತ್ತಿನ ಹಿಂದೆಯೇ ಮುಗಿದಿತ್ತು. ಆದರೂ ಕೊನೆಯ ಸ್ವರದವರೆಗೂ ಎಚ್ಚರವಾಗಿ ಕೂತು ಬೇರೆಯವರ ಸಂಗೀತ ಕೇಳುತ್ತಿದ್ದರು. ನನಗೆ ಈಗ ಜಾಸ್ತಿ ಕಾಡುವುದು ಇದೇ. ಊದುವುದನ್ನು ಇನ್ನೂ ಕೆಲವರು ಹೇಳಿಕೊಡಬಲ್ಲರು. ಹಾಗೆ ಕೂರುವುದನ್ನು ಹೇಳಿಕೊಟ್ಟವರು ಅವರೊಬ್ಬರೇ.

"ನಮ್ಮ ಹುಡುಗ ಸಣಕಲ, ಅವನಿಗೆ ಟ್ಯೂಬಾ ಆಗುತ್ತಾ" ಅಂತ ಕೇಳುವವರಿಗೂ ಇಲ್ಲೇ ಉತ್ತರ: ಆಗುತ್ತೆ. ವಾದ್ಯ ಭಾರ ಇರುತ್ತೆ, ಎತ್ತಿಕೊಂಡು ಓಡಾಡೋದು ಕಷ್ಟ, ಒಂದು ಸ್ಟ್ಯಾಂಡ್ ಕೊಡಿಸಿ. ಉಸಿರಿನ ಚಿಂತೆ ಬಿಡಿ.

ಮೇಷ್ಟ್ರ ಬಗ್ಗೆ ನನ್ನನ್ನು ಏನಾದರೂ ಕೇಳಲೇಬೇಕು ಅನ್ನಿಸಿದರೆ ಮೊದಲು ಆ ಲಾರ್ಗೊದ ಆರಂಭ ಕೇಳಿ, ಒಳ್ಳೆಯ ಹೆಡ್‌ಫೋನ್ ಹಾಕಿಕೊಂಡು. ಆಮೇಲೆ ಕೇಳಿ: ಅವರು ಅಲ್ಲಿ ಉಸಿರು ಎಲ್ಲಿ ತೆಗೆದುಕೊಳ್ಳುತ್ತಿದ್ದರು, ಯಾವ ಸ್ವರವನ್ನು ಒಂದಿಷ್ಟು ತಗ್ಗಿಸುತ್ತಿದ್ದರು, ಯಾಕೆ. ಅವರ ಪೆನ್ಸಿಲ್ ಗುರುತಿರುವ ಪ್ರತಿ ನನ್ನ ಹತ್ತಿರವೇ ಇದೆ. ಬನ್ನಿ, ತೋರಿಸುತ್ತೇನೆ.