ಅದು ಗಿಟಾರ್ ಅಲ್ಲ ಮಾರಾಯ

"ಗಿಟಾರ್ ಸಖತ್ತಾಗಿದೆ ಅಣ್ಣ."

ಮೊನ್ನೆ ಇಂಗ್ಲೆಂಡಿನ ರಾಕ್ ಬ್ಯಾಂಡ್ ಡೀಪ್ ಪರ್ಪಲ್‌ನ 'ಲೇಜಿ' ಹಾಡು ಶುರುವಾಗಿ ಹತ್ತು ಸೆಕೆಂಡೂ ಆಗಿರಲಿಲ್ಲ, ಹುಡುಗ ತೀರ್ಪು ಕೊಟ್ಟೇಬಿಟ್ಟ. ಆ ಗುರುಗುಟ್ಟುವ ದನಿ ಬ್ಯಾಂಡಿನ ಕೀಬೋರ್ಡ್ ವಾದಕ ಜಾನ್ ಲಾರ್ಡ್‌ನ ಹ್ಯಾಮಂಡ್ ಸಿ3 ಎಂಬ ವಿದ್ಯುತ್ ಆರ್ಗನ್ನಿನದು. ಹುಡುಗನನ್ನು ಬೈಯುವಂತೆಯೂ ಇಲ್ಲ.

ಲಾರ್ಡ್ 1941ರಲ್ಲಿ ಲೆಸ್ಟರ್‌ನಲ್ಲಿ ಹುಟ್ಟಿ, ಪಿಯಾನೋ ಕಲಿತು, ನಟನೆ ಕಲಿಯಲು ಲಂಡನ್ನಿಗೆ ಬಂದವನು. 1968ರಲ್ಲಿ ಡೀಪ್ ಪರ್ಪಲ್ ಕಟ್ಟಿದಾಗ ಪಕ್ಕದಲ್ಲಿ ನಿಂತವನು ಗಿಟಾರಿನ ರಿಚಿ ಬ್ಲ್ಯಾಕ್‌ಮೋರ್. ಸದ್ದು ಕಮ್ಮಿ ಮಾಡುವ ಪೈಕಿ ಅಲ್ಲ ಆಸಾಮಿ. ಹ್ಯಾಮಂಡ್‌ಗೆ ರೂಢಿಯಲ್ಲಿ ಜೋಡಿಸುವುದು ಲೆಸ್ಲಿ, ಒಳಗೆ ಹಾರ್ನ್ ತಿರುಗುವ ಮರದ ಸ್ಪೀಕರ್ ಪೆಟ್ಟಿಗೆ. 122 ಮಾದರಿಯದು 40 ವ್ಯಾಟ್. ಎಲ್ಲಿಗೆ ಸಾಕು? ಲಾರ್ಡ್ ಆರ್ಗನ್ನನ್ನು ಗಿಟಾರಿನವರ ಮಾರ್ಷಲ್ ಆಂಪ್ಲಿಫೈಯರಿಗೇ ಕೊಟ್ಟ.

ಹೇಳುವಷ್ಟು ಸುಲಭವಲ್ಲ ಇದು. ಸಿ3 ಒಳಗೆ ಮೋಟಾರ್ 91 ಟೋನ್‌ವೀಲ್‌ಗಳನ್ನು, ಅಂದರೆ ಸ್ವರ ಹುಟ್ಟಿಸುವ ಚಕ್ರಗಳನ್ನು, ತಿರುಗಿಸುತ್ತಿರುತ್ತದೆ. ಯಾವ ಸ್ವರ ಎಷ್ಟು ಬೆರೆಯಬೇಕೆಂದು ಹೇಳುವ ಎಳೆಪಟ್ಟಿಗಳೇ ಡ್ರಾಬಾರ್. ಒಂಬತ್ತನ್ನೂ ಎಳೆದರೆ ಒಂದೇ ಕೀಲಿಗೆ ಒಂಬತ್ತು ಸ್ವರ. ಹಾಗೆ ಎಳೆದು, ಮೇಜರ್ ಕಾರ್ಡ್ (ಷಡ್ಜ, ಗಾಂಧಾರ, ಪಂಚಮ ಒಟ್ಟಿಗೆ) ಹಿಡಿದು, ದನಿ ಒಡೆಯುವ ತನಕ ಆಂಪ್ ಏರಿಸಿ ನೋಡಿ: ಬರೀ ಕೆಸರು. ಒಡೆದ ದನಿಯಲ್ಲಿ ಎರಡು ಸ್ವರಗಳ ಮೊತ್ತ, ವ್ಯತ್ಯಾಸಗಳೂ ಹೊಸ ಸ್ವರವಾಗಿ ಹುಟ್ಟುತ್ತವೆ. ಗಾಂಧಾರ ಸೇರಿತೋ, ಎಲ್ಲ ಗುದ್ದಾಡುತ್ತವೆ. ಕೆಳಗಿನ ಮೂರು ಡ್ರಾಬಾರ್ ಮಾತ್ರ 8ಕ್ಕೆ, ಅಂದರೆ ಪೂರ್ತಿ, ಎಳೆದು ಷಡ್ಜ-ಪಂಚಮವನ್ನೋ ಷಡ್ಜ-ಮಧ್ಯಮವನ್ನೋ ಹಿಡಿದರೆ ನಿಚ್ಚಳ. ಇದೇ ಬ್ಯಾಂಡಿನ 'ಸ್ಮೋಕ್ ಆನ್ ದ ವಾಟರ್' ಹಾಡಿನ ರಿಫ್, ಅಂದರೆ ಮರುಕಳಿಸುವ ಪಲುಕು, ಷಡ್ಜ-ಮಧ್ಯಮದ ಜೋಡಿಯೇ. ಗಿಟಾರಿಗೆ ಆರ್ಗನ್ ಬಂದು ಅಂಟಿಕೊಂಡ ಮೇಲೆ ಬಿಡಿಸುವುದು ಕಷ್ಟ. ದನಿ ಎಷ್ಟು ಒಡೆಯಬೇಕೆಂಬುದು ಸದ್ದು ಏರಿಳಿಸುವ ಬಲಗಾಲಿನ ಪೆಡಲ್ಲಿನಲ್ಲಿದೆ.

ಹಾಂ, ಕೀಲಿ ಒತ್ತಿದ ಕ್ಷಣ ಟಣ್ಣೆನಿಸುವ ಪರ್ಕಷನ್ ಗುಂಡಿ ಹಾಕಿದಾಗ ಒಂಬತ್ತನೇ ಡ್ರಾಬಾರ್ ಸುಮ್ಮನಾಗುತ್ತದೆ. ರಿಪೇರಿಯವನನ್ನು ಕರೆಯಬೇಡಿ, ಅದರ ರಚನೆಯೇ ಹಾಗೆ. ಅಮೆರಿಕದ 60 ಹರ್ಟ್ಸ್ ಯಂತ್ರವನ್ನು ಇಂಗ್ಲೆಂಡಿನ ಅಥವಾ ನಮ್ಮ 50 ಹರ್ಟ್ಸ್‌ ಕರೆಂಟಿಗೆ ನೇರ ಕೊಟ್ಟರೆ ಮೋಟಾರ್ ನಿಧಾನವಾಗಿ ಶ್ರುತಿ ಮೂರು ಸ್ವರಸ್ಥಾನಕ್ಕೂ ಕೊಂಚ ಹೆಚ್ಚೇ ಇಳಿಯುತ್ತದೆ.

ಇದೇ ಮನುಷ್ಯ 1969ರ ಸೆಪ್ಟೆಂಬರ್ 24ರಂದು ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ರಾಯಲ್ ಫಿಲ್‌ಹಾರ್ಮೋನಿಕ್ ಆರ್ಕೆಸ್ಟ್ರಾ ಜೊತೆ ತನ್ನ ಕನ್ಚೆರ್ಟೊ, ಅಂದರೆ ಬ್ಯಾಂಡಿಗೂ ಆರ್ಕೆಸ್ಟ್ರಾಗೂ ಸೇರಿಸಿ ಬರೆದ ಕೃತಿ, ನುಡಿಸಿದ. ಮರುವರ್ಷವೇ ಅದರ ಸ್ವರಲಿಪಿ ಕಳೆದುಹೋಯಿತು. ಮಾರ್ಕೊ ಡಿ ಗುಯೆ ಎಂಬ ಡಚ್ ಸಂಯೋಜಕ ಧ್ವನಿಮುದ್ರಿಕೆ ಕೇಳಿ ಕೇಳಿಯೇ ಅದನ್ನು ಮತ್ತೆ ಬರೆಯದಿದ್ದರೆ 1999ರ ಮರುಪ್ರದರ್ಶನ ಇರುತ್ತಿರಲಿಲ್ಲ. ಒಂದೊಂದು ವಾದ್ಯವನ್ನೂ ಕಿವಿಯಲ್ಲೇ ಬಿಡಿಸಬೇಕು. ಹುಡುಗ ಎಡವಿದ್ದೂ ಅಲ್ಲೇ ತಾನೆ.

"ಹಾಗಾದ್ರೆ ಅವ್ನು ಗಿಟಾರೇ ನುಡಿಸಬಹುದಿತ್ತಲ್ಲ ಅಣ್ಣ?"

ತಂತಿ ಮೀಟಿದ ಕ್ಷಣದಿಂದ ಸಾಯತೊಡಗುತ್ತದೆ. ಆರ್ಗನ್ ಬೆರಳು ಎತ್ತುವ ತನಕ ಸಾಯುವುದಿಲ್ಲ. ಹುಡುಗ 'ಲೇಜಿ'ಯನ್ನು ಮತ್ತೆ ಮೊದಲಿಂದ ಹಾಕಿದ.