ನ್ಯಾಟೋ ಪ್ರಯೋಗ, ಮೂರನೇ ವಾರ: ಗೆದ್ದದ್ದು ಪಪ್ಪಾಯಿ ಹಾಲು

ನ್ಯಾಟೋ ಅಂದರೆ ಸೋಯಾ ಕಾಳನ್ನು ಹುದುಗಿಸಿ ಮಾಡುವ ಜಪಾನಿ ತಿನಿಸು. ಅದು ರಕ್ತದ ಹೆಪ್ಪನ್ನು ಕರಗಿಸುತ್ತದಾ ಅಂತ ನೋಡುವುದೇ ನನ್ನ ಪ್ರಯೋಗ. ಕಾಳು ಕೊನೆಗೂ ಹದಕ್ಕೆ ಬಂತು. ಎರಡು ಸಲ ಕೊಳೆತು ಹೋಗಿತ್ತು. ಈ ಸಲ ಸೋಯಾ ಕಾಳನ್ನು ಕುಕ್ಕರಿನಲ್ಲಿ ಮೆತ್ತಗೆ ಬೇಯಿಸಿ, ಬಿಸಿ ಇರುವಾಗಲೇ ಅಂಗಡಿಯಿಂದ ತಂದ ನ್ಯಾಟೋ ಒಂದು ಚಮಚ ಬೆರೆಸಿದೆ. ಬಲ್ಬ್ ಹಾಕಿದ ಥರ್ಮೋಕೋಲ್ ಡಬ್ಬಿಯಲ್ಲಿ, 40 ಡಿಗ್ರಿಯಲ್ಲಿ, ಒಂದು ದಿನ ಇಟ್ಟೆ. ಚಮಚ ಎತ್ತಿದರೆ ಜೇಡರ ಬಲೆಯಂಥ ಎಳೆ. ವಾಸನೆಯ ಮಾತು ಬೇಡ ಬಿಡಿ. "ಏನೋ ಇದು, ಹಳಸಿದ ಹುಳಿ ಇಟ್ಕೊಂಡು ಕೂತಿದ್ದೀಯಾ?" ಅಂತ ಅಮ್ಮ ಮೂಗು ಮುಚ್ಚಿಕೊಂಡರು.

ಈ ಹುಚ್ಚು ಹತ್ತಿದ್ದು ಜಪಾನಿ ಸಂಶೋಧಕ ಹಿರೋಯುಕಿ ಸುಮಿ ಅವರ ಕಥೆಯಿಂದ. 1980ರಲ್ಲಿ ಶಿಕಾಗೋದಲ್ಲಿದ್ದ ಅವರು ತಟ್ಟೆಯಲ್ಲಿದ್ದ ಫೈಬ್ರಿನ್ ಮೇಲೆ ನ್ಯಾಟೋ ಇಟ್ಟರಂತೆ. 18 ಗಂಟೆಯಲ್ಲಿ ಅದು ಕರಗಿತ್ತು. ಹೆಪ್ಪುಗಟ್ಟಿದ ರಕ್ತವನ್ನು ಹಿಡಿದಿಡುವ ಪ್ರೋಟೀನ್ ಬಲೆಯೇ ಈ ಫೈಬ್ರಿನ್. ಕರಗಿಸಿದ ಕಿಣ್ವಕ್ಕೆ ನ್ಯಾಟೋಕೈನೇಸ್ ಅಂತ ಹೆಸರಿಟ್ಟರು.

ನಾನು ಮಟನ್ ಅಂಗಡಿಯಿಂದ ಕುರಿ ರಕ್ತ ತಂದೆ. ದಾರಿಯಲ್ಲೇ ಹೆಪ್ಪಾಗಿತ್ತು. ಉಪ್ಪುನೀರಿನಲ್ಲಿ ತೊಳೆದು, 2 ಗ್ರಾಂನ ಮೂರು ತುಂಡು ಮಾಡಿದೆ. ಒಂದಕ್ಕೆ ಬರೀ ಉಪ್ಪುನೀರು, ಇನ್ನೊಂದಕ್ಕೆ ನ್ಯಾಟೋ ತೊಳೆದ ನೀರು. ಮೂರನೆಯದಕ್ಕೆ, ಸುಮ್ನೆ ಕುತೂಹಲಕ್ಕೆ, ಹಿತ್ತಲ ಪಪ್ಪಾಯಿ ಕಾಯಿಯ ಹಾಲು. ರಾತ್ರಿಯಿಡೀ 37 ಡಿಗ್ರಿ.

ಬೆಳಿಗ್ಗೆ ತೂಗಿದೆ. ಉಪ್ಪುನೀರಿನದು 1.6 ಗ್ರಾಂ. ಹೆಪ್ಪು ತಾನಾಗಿಯೇ ಮುದುಡಿ ನೀರು ಬಿಡುತ್ತದೆ, ಅದು ಲೆಕ್ಕಕ್ಕಿಲ್ಲ. ನ್ಯಾಟೋದು 0.7. ಪಪ್ಪಾಯಿ ಬಾಟಲಿಯಲ್ಲಿ ಚಿಮಟಕ್ಕೆ ಸಿಗುವಂಥದ್ದೇ ಇರಲಿಲ್ಲ, ಕಂದು ಗಂಜಿ ಅಷ್ಟೇ!

ನಗು ಬಂತು, ಆಮೇಲೆ ಬೇಜಾರೂ ಆಯಿತು. ಪಪ್ಪಾಯಿ ಹಾಲು ಮಾಂಸವನ್ನೂ ಮೆತ್ತಗೆ ಮಾಡುತ್ತದೆ, ಅದಕ್ಕೆ ಯಾವ ಪ್ರೋಟೀನ್ ಆದರೂ ಒಂದೇ. ಅಂಥದ್ದನ್ನು ರಕ್ತಕ್ಕೆ ಬಿಟ್ಟರೆ ಏನಾದೀತು? ಬಾಟಲಿಯಲ್ಲಿ ಕರಗಿಸಿದ ಮಾತ್ರಕ್ಕೆ ಔಷಧಿ ಆಗಲ್ಲ, ಅಲ್ವಾ. ಹೆಪ್ಪಿನಿಂದಾದ ಪಾರ್ಶ್ವವಾಯುವಿಗೆ ಕೊಡುವ ಆಲ್ಟೆಪ್ಲೇಸ್ ಅನ್ನೋ ಔಷಧಿ ನೋಡಿ. ಅದು ಹೆಪ್ಪನ್ನು ತಾನೇ ಕತ್ತರಿಸುವುದಿಲ್ಲ. ಫೈಬ್ರಿನ್ನಿಗೆ ಅಂಟಿಕೊಂಡು, ಅಲ್ಲಿ ಸುಮ್ಮನೆ ಮಲಗಿರುವ ಪ್ಲಾಸ್ಮಿನೋಜನ್ ಅನ್ನೋ ಪ್ರೋಟೀನನ್ನು, ಫೈಬ್ರಿನ್ ಕತ್ತರಿಸುವ ಪ್ಲಾಸ್ಮಿನ್ ಕಿಣ್ವ ಆಗಿಸುತ್ತದೆ. ಕತ್ತರಿ ನಮ್ಮ ರಕ್ತದ್ದೇ. ಅಷ್ಟು ಜಾಣತನವಿದ್ದರೂ ಮಿದುಳಿನಲ್ಲಿ ರಕ್ತ ಸೋರುವ ಭಯ ತಪ್ಪಿದ್ದಲ್ಲ. ಅದಕ್ಕೇ ಮೊದಲು ಸ್ಕ್ಯಾನ್, ಆಮೇಲೆ ಇಂಜೆಕ್ಷನ್, ಅದೂ ಸಾಮಾನ್ಯವಾಗಿ ಲಕ್ಷಣ ಶುರುವಾದ 4.5 ಗಂಟೆಯೊಳಗೆ.

ಪಕ್ಕದ ಮನೆ ಅಂಕಲ್ "ನಂಗೂ ಸ್ವಲ್ಪ ಕೊಡಪ್ಪಾ, ರಕ್ತ ತೆಳ್ಳಗಾಗ್ಲಿ" ಅಂದರು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆ ತಗೊಳ್ಳುವವರು. ನ್ಯಾಟೋದಲ್ಲಿ ವಿಟಮಿನ್ ಕೆ ಜಾಸ್ತಿ, ಆ ಮಾತ್ರೆಯ ಕೆಲಸವನ್ನೇ ಕೆಡಿಸುತ್ತದೆ. ಕೊಡಲಿಲ್ಲ.

ಮುಂದಿನ ವಾರ ಕುದಿಸಿದ ನ್ಯಾಟೋ ನೀರಿನದೂ ಒಂದು ಬಾಟಲಿ ಇಡಬೇಕು. ಕರಗಿಸಿದ್ದು ಕಿಣ್ವವೋ ಇನ್ನೇನೋ, ಗೊತ್ತಾಗಲಿ. ಥರ್ಮೋಕೋಲ್ ಡಬ್ಬಿ ಮಾತ್ರ ಟೆರೇಸಿಗೆ ಹೋಗಿದೆ. ಅಮ್ಮನ ಆರ್ಡರ್.